ಸೀಸದ ಬಿರಡೆ

ಉಸ್ಸೆಂದಿತು — ಇಲ್ಲ, ಅದು ಹಬೆಯಲ್ಲ, ಗಾಳಿ, ಮುಂದಿನ ಕಂಟೇನರ್ ಲಾರಿಯ ಬ್ರೇಕು ಬಿಟ್ಟ ಒಣ ಗಾಳಿ, ಹಬೆಯ ಸದ್ದಿನಲ್ಲಿ ಒದ್ದೆ ಇರುತ್ತದೆ, ಮೊದಲು ನಾಲ್ಕು ಹನಿ ಉಗುಳಿ ಗಂಟಲು ಸರಿಮಾಡಿಕೊಂಡು ಆಮೇಲೆ ಬಾಯಿ ಬಿಡುತ್ತದೆ, ಇದನ್ನು ಫಿಯೋನಾಗೆ ಹೇಳಿದರೆ ಹೂಂ ಪಪ್ಪಾ ಎನ್ನುತ್ತಾಳೆ, ಅವಳ ಕಣ್ಣು ರಸ್ತೆಯ ಮೇಲಿದೆ, ಮಗಳಿಗೂ ಐವತ್ತೆಂಟಾಯಿತು, ಕೂದಲಿಗೆ ಬಣ್ಣ ಹಾಕುತ್ತಾಳೆ, ಪುಚೊಂಗಿನ ಮನೆ ಬಿಟ್ಟು ಮುಕ್ಕಾಲು ಗಂಟೆ, ಬಿಸಿಲು ಆಗಲೇ ಗಾಜಿಗೆ ಬಡಿಯುತ್ತಿದೆ, ನನಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೇಲಿನ ಗುಂಡಿಯವರೆಗೆ, ಹೆಣಕ್ಕೆ ತೊಡಿಸಿದ ಹಾಗೆ, ಇವತ್ತು ನನ್ನನ್ನು ತೋರಿಸಲಿಕ್ಕಿದೆ, ನನ್ನನ್ನೂ ಲಾರಿಯನ್ನೂ. ಈ ಮಲಯ್ ದೇಶಕ್ಕೆ ಬಂದು ನಾನು ದುಡಿದ ಎಸ್ಟೇಟು ಹೋಯಿತು, ತಾಳೆಮರಗಳನ್ನೆಲ್ಲ ಉರುಳಿಸಿ ಯಾವುದೋ ಕಂಪನಿ ಅಲ್ಲಿ ಸಾಲುಮನೆ ಕಟ್ಟುತ್ತಿದೆ, ಹಳೇ ಶೆಡ್ಡಿನ ಬಳ್ಳಿ ಕಿತ್ತಾಗ ಒಳಗೆ ಲಾರಿ ಸಿಕ್ಕಿತಂತೆ, ಸಿಗದೆ ಇನ್ನೇನು, ಅರವತ್ತೆರಡು ವರ್ಷ ಅದು ಅಲ್ಲೇ ಇತ್ತು, ಅದಕ್ಕೆ ಕೊನೆಯ ಸಲ ಟಾರ್ಪಾಲು ಹೊದಿಸಿದ್ದು ಈ ಕೈಗಳೇ, ಈಗ ಬಣ್ಣ ಬಳಿದು ಗೇಟಿನ ಬಳಿ ನಿಲ್ಲಿಸಿದ್ದಾರಂತೆ, ಅದರಲ್ಲಿ ದುಡಿದವರ ಪೈಕಿ ಬದುಕಿರುವವನು ನಾನೊಬ್ಬನೇ ಅಂತೆ, ಬಂದು ಐದು ನಿಮಿಷ ಮಾತಾಡಬೇಕಂತೆ, ಖುಷಿಯ ವಿಷಯ ಹೇಳಿ ಅಂಕಲ್ ಎಂದಿದ್ದಳು ಕಂಪನಿಯ ಹುಡುಗಿ. ಬರುವುದಿಲ್ಲ ಎಂದಿದ್ದೆ. ಆಮೇಲೆ ಬಂತು ಇನ್ನೊಂದು ಫೋನು, ಕನ್ನಡದ ಫೋನು — ನಮಸ್ಕಾರ ಅಜ್ಜ, ನಾನು ರೋಹಿತ ಅಂತ, ಸೈಬರ್‌ಜಾಯಾದಲ್ಲಿ ಡೇಟಾ ಸೆಂಟರ್ ಕೂಲಿಂಗ್ ನೋಡ್ಕೋತೀನಿ, ಕನ್ನಡದವರ ವಾಟ್ಸ್ಯಾಪ್ ಗ್ರೂಪಲ್ಲಿ ನಿಮ್ಮ ವಿಷಯ ಬಂತು, ನಮ್ಮ ತಾತನೂ ಅದೇ ಎಸ್ಟೇಟಲ್ಲಿ ಸ್ಟೀಮ್ ಲಾರಿ ಓಡಿಸ್ತಿದ್ರಂತೆ, ಅಲ್ಲೇ ಹೋಗಿಬಿಟ್ರಂತೆ, ತಿಮ್ಮಯ್ಯ ಅಂತ, ನಿಮಗೆ ನೆನಪಿದೆಯಾ. ನೆನಪಿದೆಯಾ ಎಂದು ಕೇಳಿದ. ನಾನು ಫೋನನ್ನು ಫಿಯೋನಾಗೆ ಕೊಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ, ಹೊರಗೆ ಬಂದಾಗ ಹೇಳಿದೆ, ಹೋಗುವ, ಶನಿವಾರ ಹೋಗುವ, ಅವನಿಗೂ ಬರಲಿಕ್ಕೆ ಹೇಳು.

ತಾಳೆಮರ ಒಂದೂ ಕಾಣುವುದಿಲ್ಲ, ಹೆದ್ದಾರಿಯ ಎರಡೂ ಬದಿ ಗೋಡೆ, ಗೋಡೆಯ ಮೇಲೆ ಮನೆಗಳ ಚಿತ್ರ, ಚಿತ್ರದಲ್ಲಿ ನಗುವ ಮಕ್ಕಳು, ಇಲ್ಲೇ ಎಲ್ಲೋ ಕೆಮ್ಮಣ್ಣಿನ ದಾರಿ ಇತ್ತು, ಮಳೆ ಬಂದರೆ ಗಾಲಿ ಅರ್ಧ ಹುಗಿಯುತ್ತಿತ್ತು, ಗಟ್ಟಿ ರಬ್ಬರಿನ ಗಾಲಿ, ಒಳಗೆ ಗಾಳಿಯಿಲ್ಲ, ಪ್ರತಿ ಕಲ್ಲೂ ಬೆನ್ನುಮೂಳೆಗೆ ಬಂದು ಹೆಸರು ಹೇಳಿ ಹೋಗುತ್ತಿತ್ತು. ನಸುಕಿನಲ್ಲಿ ಒಲೆ ಹೊತ್ತಿಸುವುದು ನನ್ನ ಕೆಲಸ, ಮೊದಲು ನಾರು, ಆಮೇಲೆ ತಾಳೆಹಣ್ಣಿನ ಕರಟ, ಗಿರಣಿಯಲ್ಲಿ ಎಣ್ಣೆ ಹಿಂಡಿ ಎಸೆದ ಕರಟ, ಬೇಕಾದಷ್ಟು, ಅದಕ್ಕೇ ಆ ಲಾರಿ ಬದುಕಿದ್ದು, ಊರೆಲ್ಲ ಡೀಸೆಲ್ ಲಾರಿ ಬಂದಮೇಲೂ ಎಸ್ಟೇಟಿನ ದೊರೆ ಅದನ್ನು ಬಿಡಲಿಲ್ಲ, ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಮುದಿ ಲಾರಿ, ನನಗಿಂತ ಹತ್ತು ವರ್ಷ ದೊಡ್ಡದು, ಮುಂದೆ ರೈಲಿನ ಹಾಗೆ ಉದ್ದ ಬಾಯ್ಲರು, ಅದರ ತುದಿಯಲ್ಲಿ ಹೊಗೆಗೊಳವೆ, ಹಿಂದೆ ನಮ್ಮಿಬ್ಬರ ಪೀಠ, ಪೀಠದ ಹಿಂದೆ ಆರು ಟನ್ ತಾಳೆಗೊನೆ. ಹಬೆ ಏರಲು ಎರಡು ಗಂಟೆ ಬೇಕು, ಆ ಎರಡು ಗಂಟೆ ನನಗೆ ಇಷ್ಟ, ಲೋಹ ಮೆಲ್ಲಗೆ ಟಿಕ್ ಟಿಕ್ ಎನ್ನುತ್ತದೆ, ಎಲ್ಲೋ ಒಂದು ಕಡೆ ಕುದಿಯುವ ಮೊದಲ ಗುಳುಗುಳು, ಕರಟದ ಹೊಗೆಗೆ ಸುಟ್ಟ ಕೊಬ್ಬರಿಯ ವಾಸನೆ, ಸಲಿಕೆಯನ್ನು ತೊಳೆದು ಅದರ ಮೇಲೆ ಎಣ್ಣೆ ಸವರಿ ಒಲೆಯ ಬಾಯಿಗೆ ಹಿಡಿದರೆ ಎರಡು ಮೊಟ್ಟೆ, ಒಂದು ನನಗೆ, ಒಂದು ತಿಮ್ಮಯ್ಯನಿಗೆ, ಅವನು ಗುರುವಾರ ಮೊಟ್ಟೆ ತಿನ್ನುತ್ತಿರಲಿಲ್ಲ, ಗುರುವಾರ ಎರಡೂ ನನ್ನವು. ಸಂಜೆ ಬಾಯ್ಲರಿನ ಬಿಸಿನೀರು ಖಾಲಿ ಮಾಡುವಾಗ ಲೈನ್‌ಮನೆಗಳ ತಮಿಳು ಹೆಂಗಸರು ಸೀಮೆಎಣ್ಣೆ ಡಬ್ಬಿ ಹಿಡಿದು ಸಾಲು ನಿಲ್ಲುತ್ತಿದ್ದರು, ಮಕ್ಕಳಿಗೆ ಮೀಯಿಸಲು, ನೆರುಪ್ಪು ಲಾರಿ ತಣ್ಣಿ ಎನ್ನುತ್ತಿದ್ದರು, ಬೆಂಕಿ ಲಾರಿಯ ನೀರು, ಆ ನೀರಲ್ಲಿ ಮಿಂದರೆ ಮೈನೋವು ಹೋಗುತ್ತದೆಂದು ನಂಬಿಕೆ, ತುಕ್ಕಿನ ಬಣ್ಣದ ನೀರು, ಬಳಿದುಕೊಂಡು ಒಯ್ಯುತ್ತಿದ್ದರು.

ಮನೆಯಲ್ಲಿ ಮಾತೆಲ್ಲ ಕೊಂಕಣಿ, ಹೆಂಡತಿ ಮೋಲಿ ಇರುವವರೆಗೆ ಕೊಂಕಣಿ, ಮಗಳ ಜೊತೆ ಇಂಗ್ಲಿಷು, ಅಂಗಡಿಯಲ್ಲಿ ತಮಿಳು, ಆದರೆ ಹಬೆ ಮಾತ್ರ ತಲೆಯೊಳಗೆ ಕನ್ನಡದಲ್ಲೇ ಬರುತ್ತದೆ, ಯಾಕೆಂದರೆ ಅದನ್ನು ನನಗೆ ಕಲಿಸಿದವನು ತಿಮ್ಮಯ್ಯ, ಅರಸೀಕೆರೆಯ ಕಡೆಯವನು, ಅಲ್ಲಿ ರಸ್ತೆ ಮಾಡುವ ಸ್ಟೀಮ್ ರೋಲರ್ ಓಡಿಸುತ್ತಿದ್ದವನು, ಯಾವ ದೂರದ ಬಂಧು ಹೇಳಿ ಹಡಗು ಹತ್ತಿಸಿದನೋ. ನಾನು ಹತ್ತೊಂಬತ್ತಕ್ಕೆ ಮಂಗಳೂರಿನ ಹಂಚಿನ ಕಾರ್ಖಾನೆಯ ಬಾಯ್ಲರ್ ಮನೆ ಬಿಟ್ಟು ಬಂದಾಗ ಇಡೀ ಎಸ್ಟೇಟಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಅವನಿಗೆ ನನ್ನ ಕನ್ನಡ ತಮಾಷೆ, ಎಂತ ಮಾರಾಯ ಎಂದರೆ ನಗುತ್ತಿದ್ದ, ಏನ್ಲಾ ಪುಸ್ತಕ ಓದ್ದಂಗೆ ಮಾತಾಡ್ತೀಯ ರೆಮ್ಮಿ ಎನ್ನುತ್ತಿದ್ದ, ರೆಮಿಜಿಯಸ್ ಅವನ ಬಾಯಲ್ಲಿ ನಿಲ್ಲಲಿಲ್ಲ. ಲಾರಿಯನ್ನು ಎಮ್ಮೆ ಎನ್ನುತ್ತಿದ್ದ, ನಮ್ಮೆಮ್ಮೆ, ಎಮ್ಮೆಗೆ ನೀರು ಮೊದ್ಲು, ಮೇವು ಆಮೇಲೆ, ಇದೊಂದು ನೆನಪಿಟ್ಕೋ. ಏರುವಾಗ ನೀರು ಹಿಂದಕ್ಕೆ ಬರುತ್ತೆ, ಒಲೆಯ ನೆತ್ತಿ ಮುಳುಗಿರುತ್ತೆ, ಭಯವಿಲ್ಲ, ಇಳಿಯುವಾಗ ನೀರೆಲ್ಲ ಮುಂದಕ್ಕೆ ಓಡುತ್ತೆ, ನೆತ್ತಿ ಬೋಳಾಗುತ್ತೆ, ಬೋಳು ನೆತ್ತಿಗೆ ಕೆಳಗಿಂದ ಬೆಂಕಿ, ಆಗ ಕಾಪಾಡೋದು ಒಂದೇ, ಸೀಸದ ಬಿರಡೆ. ಒಲೆಯೊಳಗೆ ನನ್ನ ತಲೆ ತೂರಿಸಿ ತೋರಿಸಿದ್ದ, ನೆತ್ತಿಯ ತಗಡಿನ ನಡುವೆ ಹೆಬ್ಬೆರಳಷ್ಟು ಬೋಲ್ಟು, ನಡುವೆ ಸೀಸ ತುಂಬಿದ್ದು, ನೀರಿಲ್ಲದೆ ತಗಡು ಕಾದರೆ ಮೊದಲು ಸೀಸ ಕರಗುತ್ತದೆ, ತೂತಿನಿಂದ ಹಬೆ ಇಳಿದು ಬೆಂಕಿಯನ್ನು ಆರಿಸುತ್ತದೆ, ಲಾರಿ ನಿಲ್ಲುತ್ತದೆ, ಜನ ಉಳಿಯುತ್ತಾರೆ. ನೀರು ತೋರ್ಸೋ ಗಾಜು ಸುಳ್ಳು ಹೇಳ್ಬೋದು, ಹಬೆ ಅಳೆಯೋ ಗಡಿಯಾರ ಸುಳ್ಳು ಹೇಳ್ಬೋದು, ಸೀಸ ಹೇಳಲ್ಲ ಕಣೋ. ಭಾನುವಾರ ಎಸ್ಟೇಟಿನ ಹೆಂಡದಂಗಡಿಗೆ ಹೋಗುತ್ತಿದ್ದ, ಹೌದು, ಹೋಗುತ್ತಿದ್ದ, ಭಾನುವಾರ ಮಾತ್ರ, ಲಾರಿ ಇರುವ ದಿನ ಒಂದು ಹನಿ ಇಲ್ಲ, ಇದನ್ನು ಹೇಳಬೇಕು, ಇವತ್ತು ಇದನ್ನೂ ಹೇಳಬೇಕು.

ಫಿಯೋನಾ ಕೇಳುತ್ತಾಳೆ, ಪಪ್ಪಾ ನೀರು ಬೇಕಾ, ಬೇಡ, ಮಾತ್ರೆ ತಗೊಂಡ್ರಾ, ತಗೊಂಡೆ, ತಗೊಂಡೆನೋ ಇಲ್ಲವೋ. ಲಾರಿಯ ಆ ಕೊನೆಯ ವರ್ಷ ಮೂರು ಸಲ ಸೀಸ ಕರಗಿತು. ಮೂರೂ ಸಲ ಅದೇ ಇಳಿಜಾರಿನಲ್ಲಿ, ತೋಟದ ಹನ್ನೆರಡನೇ ತುಂಡಿನ ಗುಡ್ಡ, ಮೇಲೆ ತೋಟ, ಕೆಳಗೆ ಗಿರಣಿ, ಕರಗಿದರೆ ಲಾರಿ ಅಲ್ಲೇ ನಿಂತಿತು, ತಣ್ಣಗಾಗಲು ಒಂದು ದಿನ, ಹೊಸ ಸೀಸ ಎರೆದು ಕೂರಿಸಲು ಒಂದು ದಿನ, ಅಷ್ಟರಲ್ಲಿ ಗೊನೆ ಕೊಳೆಯುತ್ತದೆ, ಎಣ್ಣೆ ಹುಳಿಯಾಗುತ್ತದೆ, ದೊರೆ ವರಾಂಡದಲ್ಲಿ ನಿಲ್ಲಿಸಿ ಬೈದದ್ದು ತಿಮ್ಮಯ್ಯನನ್ನು, ಆಮೇಲೆ ಒಳಗೆ ಕರೆದದ್ದು ನನ್ನನ್ನು. ದೊರೆಯ ಮೇಜಿನ ಮೇಲೆ ಒಂದು ಹಸಿರು ಬಾಟಲಿ, ಫ್ಯಾನು, ಅವನ ಕೆಂಪು ಕಿವಿ, ನೀನು ಲೇತ್ ಬಲ್ಲೆಯಂತೆ, ಆ ಬಿರಡೆಗೆ ಶಾಶ್ವತವಾದ ಒಂದು ಪರಿಹಾರ ಮಾಡು, ಗಿರಣಿಯ ಬಾಯ್ಲರಿಗೆ ಒಬ್ಬ ಒಳ್ಳೆಯ ಮನುಷ್ಯ ಬೇಕಾಗಿದ್ದಾನೆ. ಅಷ್ಟೇ ಹೇಳಿದ್ದು. ಹಿತ್ತಾಳೆ ಎನ್ನಲಿಲ್ಲ, ಮಾಡಲೇಬೇಕು ಎನ್ನಲಿಲ್ಲ, ನಾನು ಬೇಡವೆನ್ನಬಹುದಿತ್ತು. ತಿಮ್ಮಯ್ಯ ಆ ವಾರ ಜ್ವರ ಬಂದು ಎರಡು ದಿನ ಮಲಗಿದ್ದ, ನಾನು ಗಿರಣಿಯ ಲೇತಿನಲ್ಲಿ ಗಟ್ಟಿ ಹಿತ್ತಾಳೆಯ ಒಂದು ಬಿರಡೆ ತಿರುಗಿಸಿದೆ, ಸೀಸವಿಲ್ಲ, ತೂತಿಲ್ಲ, ಹೆಬ್ಬೆರಳಷ್ಟು ಹಳದಿ ಲೋಹ, ತಿರುಪಿನ ಗೆರೆ ಚೆನ್ನಾಗಿ ಕಡಿದಿದ್ದೆ, ತಲೆಯನ್ನು ಅರದಿಂದ ಉಜ್ಜಿ ಮಟ್ಟ ಮಾಡಿದ್ದೆ, ನನಗೆ ಹೆಮ್ಮೆಯಾಗಿತ್ತು, ಮೊದಲ ಸಲ ನಾನೊಬ್ಬನೇ ಮಾಡಿದ ಕೆಲಸ. ತಣ್ಣಗಿನ ಒಲೆಯೊಳಗೆ ಮಲಗಿ ಅದನ್ನು ನೆತ್ತಿಗೆ ತಿರುಪಿದೆ, ಬೂದಿ ಕಣ್ಣಿಗೆ ಬಿತ್ತು. ತಿಮ್ಮಯ್ಯ ಎದ್ದು ಬಂದ, ಸೀಸ ಹಾಕ್ದೇನ್ಲಾ ಎಂದ, ಹಾಕಿದೆ ಎಂದೆ. ಅಷ್ಟೇ. ಒಂದು ಶಬ್ದ. ಬ್ರಿಕ್‌ಫೀಲ್ಡ್ಸಿನ ಇಗರ್ಜಿಯಲ್ಲಿ ಎಷ್ಟೋ ವರ್ಷಗಳ ನಂತರ ಪಾಪನಿವೇದನೆಗೆ ಮೊಣಕಾಲೂರಿ, ಸುಳ್ಳು ಹೇಳಿದ್ದೇನೆ ಫಾದರ್ ಎಂದೆ, ಯಾವ ಸುಳ್ಳು ಎಂದು ಫಾದರ್ ಕೇಳಲಿಲ್ಲ, ಹೊರಗೆ ಉದ್ದದ ಸಾಲಿತ್ತು, ಮೂರು ನಮೋ ಮರಿಯಾ ಪ್ರಾರ್ಥನೆ ಹೇಳು ಎಂದರು, ಹೇಳಿದೆ, ಮೂರೇ.

ಬಂತು ಪಪ್ಪಾ, ಇಳಿಯಿರಿ, ಮೆಲ್ಲಗೆ. ಕಮಾನು, ಬಲೂನು, ಬಿಳಿ ಡೇರೆ, ತಣ್ಣಗಿನ ಲಿಂಬೆ ಪಾನಕ, ಕೈಗೊಂದು ಕಾಗದದ ಬೀಸಣಿಗೆ, ಗುಡ್ಡ ಎಲ್ಲಿ, ಗುಡ್ಡವನ್ನು ಕಡಿದು ಮಟ್ಟ ಮಾಡಿದ್ದಾರೆ, ಇಳಿಜಾರೇ ಇಲ್ಲ, ಎಲ್ಲಾ ಚಪ್ಪಟೆ, ನಾನು ಬೆರಳಿಟ್ಟು ತೋರಿಸಲು ಏನೂ ಉಳಿದಿಲ್ಲ. ಮತ್ತು ಅದೋ, ಹುಲ್ಲುಹಾಸಿನ ನಡುವೆ, ಸಿಮೆಂಟು ಕಟ್ಟೆಯ ಮೇಲೆ, ನಮ್ಮೆಮ್ಮೆ, ಹಸಿರು ಬಣ್ಣ ಬಳಿದು ಬಂಗಾರದ ಗೆರೆ ಎಳೆದಿದ್ದಾರೆ, ಅದು ಯಾವತ್ತೂ ಹಸಿರಾಗಿರಲಿಲ್ಲ, ಕಪ್ಪು, ಎಣ್ಣೆ ಮತ್ತು ಮಸಿಯ ಕಪ್ಪು, ಗಾಲಿಗಳಿಗೆ ಬಿಳಿ ಪಟ್ಟಿ, ಮದುವೆಯ ಕಾರಿನ ಹಾಗೆ, ಹೊಗೆಗೊಳವೆಯೊಳಗೆ ಯಂತ್ರವಿಟ್ಟಿದ್ದಾರೆ, ಹತ್ತು ನಿಮಿಷಕ್ಕೊಮ್ಮೆ ಬಿಳಿ ಹೊಗೆ ಬರುತ್ತದೆ, ಸ್ಟ್ರಾಬೆರಿಯ ವಾಸನೆ, ಮಕ್ಕಳು ಕಿರುಚುತ್ತಾರೆ. ಒಲೆಯ ಬಾಗಿಲ ಸಂದಿಯಿಂದ ಕೆಂಪು ಬೆಳಕು. ನಾನು ನೆಟ್ಟಗೆ ಅಲ್ಲಿಗೇ ಹೋದೆ, ಫಿಯೋನಾ ಮೊಣಕೈ ಹಿಡಿದು ಹಿಂದೆಯೇ, ಬಾಗಿಲ ಹಿಡಿಗೆ ಕೈ ಹಾಕಿದೆ, ಬರಲಿಲ್ಲ, ಸುತ್ತಲೂ ವೆಲ್ಡಿಂಗ್ ಮಾಡಿ ಮುಚ್ಚಿದ್ದಾರೆ, ಮಕ್ಕಳು ಕೈ ಹಾಕಬಾರದೆಂದು, ಎಂದಳು ಕಂಪನಿಯ ಹುಡುಗಿ, ಒಳಗೆ ಎಲ್‌ಇಡಿ ಬಲ್ಬ್ ಅಂಕಲ್, ಬೆಂಕಿ ಥರಾನೇ ಕಾಣುತ್ತೆ ಅಲ್ಲಾ. ಇದನ್ನು ತೆಗೆಯಲಿಕ್ಕೆ ಆಗುತ್ತದಾ ಎಂದೆ. ಆಗಲ್ಲ ಅಂಕಲ್. ಪಕ್ಕದಲ್ಲಿ ಒಂದು ಫಲಕ, ಕನ್ನಡಕ ಹಾಕಿಕೊಂಡು ಓದಿದೆ, ಮಲಯ್ ಮತ್ತು ಇಂಗ್ಲಿಷ್, ಈ ಲಾರಿಯ ಕೊನೆಯ ಚಾಲಕ ಶ್ರೀ ರೆಮಿಜಿಯಸ್, ನನ್ನ ಫೋಟೋ, ಪಾಸ್‌ಪೋರ್ಟಿನಿಂದ ತೆಗೆದದ್ದು. ನಾನು ಚಾಲಕನಲ್ಲ, ಎಂದೆ, ನಾನು ಒಲೆಗೆ ಕರಟ ಹಾಕುವವನು, ಚಾಲಕ ಬೇರೆ. ಹುಡುಗಿ ನಕ್ಕು ತಲೆಯಾಡಿಸಿದಳು, ಕೈಯಲ್ಲಿ ಮೈಕು ಕೊಟ್ಟಳು. ಮೈಕು ಹಿಡಿದು ಏನು ಹೇಳಿದೆ, ಸಲಿಕೆಯ ಮೇಲೆ ಮೊಟ್ಟೆ ಬೇಯಿಸಿದ್ದು ಹೇಳಿದೆ, ಚಪ್ಪಾಳೆ ತಟ್ಟಿದರು.

ಆಗ ಅವನನ್ನು ಕಂಡೆ. ಡೇರೆಯ ಕೊನೆಯ ಸಾಲು, ನೀಲಿ ಅಂಗಿ, ಯಾರೂ ತೋರಿಸುವುದು ಬೇಕಿರಲಿಲ್ಲ, ತಿಮ್ಮಯ್ಯನ ಅದೇ ಅಗಲ ಹಣೆ, ಕತ್ತು ಒಂದು ಬದಿಗೆ ವಾಲಿಸಿ ಕೇಳುವ ಅದೇ ರೀತಿ, ಗಾಲಿಯ ಸದ್ದು ಆಲಿಸುವ ಹಾಗೆ. ಬಂದು ಕಾಲಿಗೆ ನಮಸ್ಕರಿಸಿದ, ಬೇಡ ಮಾರಾಯ, ಕಾಲು ಮುಟ್ಟಬೇಡ, ನಾನು ಕುರ್ಚಿ ಹಿಂದೆ ಸರಿಸಿದೆ. ಲಾರಿಯ ನೆರಳಿನಲ್ಲಿ ಕುಳಿತೆವು, ಫಿಯೋನಾ ನನಗೆ ತಿನ್ನಲು ಏನಾದರೂ ತರುತ್ತೇನೆಂದು ಹೋದಳು. ರೋಹಿತ ಲಾರಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ, ಮೂವತ್ತೇಳು ವರ್ಷದವನು, ಹೇಳಿದ, ಅಜ್ಜಿ ಸಾಕಮ್ಮ ಅಂತ, ನನ್ನನ್ನು ಸಾಕಿದ್ದು ಅವರೇ, ಹೋಗಿ ಹನ್ನೊಂದು ವರ್ಷ ಆಯ್ತು, ಎಸ್ಟೇಟಿಂದ ಒಂದು ಕಾಗದ ಬಂದಿತ್ತಂತೆ, ಡ್ರೈವರ್ ತಪ್ಪಿಂದ ಆಯ್ತು ಅಂತ, ಊರಲ್ಲಿ ಅದನ್ನ ಓದಿ ಹೇಳಿದವನು, ತಾತ ಕುಡಿದಿದ್ರು ಅಂತಲೂ ಸೇರಿಸಿದನೋ ಏನೋ, ತಿಮ್ಮಯ್ಯ ಕುಡಿದು ಸತ್ತ ಅಂತಲೇ ಉಳಿದುಬಿಡ್ತು, ಅಪ್ಪ ಹುಡುಗರ ಜೊತೆ ಜಗಳ ಆಡೀ ಆಡೀ ಸ್ಕೂಲೇ ಬಿಟ್ರು. ಅವನು ಇದನ್ನೆಲ್ಲ ಯಾವ ಕಹಿಯೂ ಇಲ್ಲದೆ ಹೇಳಿದ, ಮಳೆ ಬಿಸಿಲಿನ ಸಮಾಚಾರ ಹೇಳುವ ಹಾಗೆ, ಆಮೇಲೆ ಸ್ವಲ್ಪ ನಕ್ಕು ಅಂದ, ನಮ್ಮನೇಲಿ ಕುಕ್ಕರ್ ಇರಲಿಲ್ಲ ಅಜ್ಜ, ಇವತ್ತಿಗೂ ಇಲ್ಲ, ಸೀಟಿ ಹೊಡೆಯೋದು ಯಾವುದೂ ಮನೆಯೊಳಗೆ ಬರಬಾರದು ಅಂತ ಅಜ್ಜಿ, ತೆರೆದ ಪಾತ್ರೇಲೇ ಬೇಳೆ ಬೇಯಿಸೋರು, ಒಂದು ಗಂಟೆ. ಕುಕ್ಕರ್ ಇರಲಿಲ್ಲ. ಅರಸೀಕೆರೆಯ ಹತ್ತಿರ ಒಂದು ಅಡುಗೆಮನೆ, ಐವತ್ತು ವರ್ಷ ತೆರೆದ ಪಾತ್ರೆಯಲ್ಲಿ ಬೇಳೆ, ನಾನು ತಿರುಗಿಸಿದ ಹಿತ್ತಾಳೆ ಅಲ್ಲಿಯವರೆಗೆ ಹೋಗಿದೆ, ಆ ಒಲೆಯ ಮುಂದೆಯೂ ಕುಳಿತಿದೆ.

ಹೇಳಿದೆ. ಅರವತ್ತೆರಡು ವರ್ಷದ ಮೇಲೆ ಹೇಳಿದೆ, ಕನ್ನಡದಲ್ಲಿ, ನಡುನಡುವೆ ಕೊಂಕಣಿ ನುಗ್ಗಿತು, ಹಿಂದಕ್ಕೆ ತಳ್ಳಿದೆ. ಕೇಳು ರೋಹಿತ, ನಿನ್ನ ತಾತ ಅವತ್ತು ಕುಡಿದಿರಲಿಲ್ಲ, ಮಂಗಳವಾರ ಅದು, ನವೆಂಬರು, ಮಳೆ ಬಂದು ಬಿಟ್ಟಿತ್ತು, ಗುಡ್ಡದ ಮೇಲೆ ಗೊನೆ ತುಂಬಿಸಿದೆವು, ನೀರಿನ ಗಾಜು ಅರ್ಧಕ್ಕಿಂತ ಕೆಳಗಿತ್ತು, ಮೇಲಿನ ತೊಟ್ಟಿಯ ಕೊಳವೆ ಕೆಸರು ಕಟ್ಟಿ ನೀರು ಬರಲಿಲ್ಲ, ಗಿರಣಿಯಿಂದ ಎರಡು ಸಲ ಸೈರನ್ ಕೂಗಿತು, ಗೊನೆ ಕಳಿಸಿ ಎಂದು. ನಿನ್ನ ತಾತ ಗಾಜು ನೋಡಿದ, ಇಳಿಜಾರು ನೋಡಿದ, ನನ್ನನ್ನು ನೋಡಿದ, ಕೆಳಗೆ ಹೋಗಿ ತುಂಬ್ಸೋಣ ಬಿಡು, ಸೀಸ ಐತಲ್ಲ, ಕರಗಿದ್ರೆ ನಿಂತ್ಕೋತೀವಿ, ಬೈಸ್ಕೊಂಡ್ರಾಯ್ತು, ಎಂದ. ನಾನು ಬಾಯಿ ತೆರೆದೆ. ಸೀಸ ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು, ಒಂದು ಉಸಿರು, ಅರ್ಧ ಉಸಿರು, ಹೇಳಿದರೆ ಹಾಕಿದೆ ಎಂದದ್ದು ಸುಳ್ಳಾಗುತ್ತದೆ, ಗಿರಣಿಯ ಕೆಲಸ ಹೋಗುತ್ತದೆ, ಏನೂ ಆಗಲಿಕ್ಕಿಲ್ಲ, ಎರಡು ನಿಮಿಷದ ಇಳಿಜಾರು, ಬಾಯಿ ಮುಚ್ಚಿದೆ. ಇಳಿಯುವಾಗ ಗಾಲಿಗೆ ಒಡ್ಡಲು ಮರದ ತುಂಡು ಹಿಡಿದು ಲಾರಿಯ ಪಕ್ಕ ನಡೆಯುವುದು ನನ್ನ ಕೆಲಸ, ಯಾವತ್ತೂ ಹಾಗೆಯೇ, ನೆಲಕ್ಕೆ ಹಾರಿದೆ, ನಡೆದೆ, ಅವತ್ತು ನಾನು ಐದಾರು ಹೆಜ್ಜೆ ಹೆಚ್ಚು ದೂರ ನಡೆದೆ, ರೋಹಿತ, ಇದನ್ನು ಯಾರಿಗೂ ಹೇಳಿಲ್ಲ, ಮೋಲಿಗೂ ಹೇಳಿಲ್ಲ, ನಾನು ದೂರ ನಡೆದೆ. ಲಾರಿ ಮೂಗು ಕೆಳಗೆ ಮಾಡಿತು, ನೀರು ಮುಂದಕ್ಕೆ ಓಡಿರಬೇಕು, ಅರ್ಧ ದಾರಿಯಲ್ಲಿ ಒಂದು ಸದ್ದು, ದೊಡ್ಡದಲ್ಲ, ದಪ್ಪ ಬಟ್ಟೆ ಹರಿದ ಹಾಗೆ, ನೆತ್ತಿಯ ತಗಡು ಹರಿದು ಹಬೆಯೆಲ್ಲ ಒಲೆಯ ಬಾಗಿಲಿನಿಂದ ಹಿಂದಕ್ಕೆ, ಪೀಠದ ಕಡೆಗೆ, ಬಿಳಿ, ಬರೀ ಬಿಳಿ, ಆ ಬಿಳಿಯೊಳಗಿಂದ ಅವನು ಕೆಳಗೆ ಇಳಿದ, ಇಳಿಯುವ ಮೊದಲು ಬ್ರೇಕು ಎಳೆದಿದ್ದ, ಲಾರಿ ನಿಂತಿತ್ತು, ಅವನು ನಿಲ್ಲಿಸಿದ, ಕೆಳಗೆ ದಾರಿಯಲ್ಲಿ ಗೊನೆ ಹೊರುವ ಹೆಂಗಸರಿದ್ದರು, ಏಳೆಂಟು ಜನ. ಎಸ್ಟೇಟಿನ ಆಸ್ಪತ್ರೆಯಲ್ಲಿ ಮೂರು ದಿನ ಇದ್ದ, ಮುಖಕ್ಕೆಲ್ಲ ಬಟ್ಟೆ, ಬಾಯಿಗಷ್ಟು ಸಂದಿ, ಅದರೊಳಗಿಂದ ಒಂದೇ ಮಾತು, ಸೀಸ ಯಾಕ್ಲಾ ಕರಗ್ಲಿಲ್ಲ ರೆಮ್ಮಿ. ಎರಡನೇ ದಿನವೂ ಅದೇ. ಅವನು ನನ್ನ ಮೇಲೆ ಸಂಶಯಪಟ್ಟು ಕೇಳಿದ್ದಲ್ಲ, ನಾನು ಬಲ್ಲೆನೆಂದು ಕೇಳಿದ್ದು, ಕಲಿಸಿದವನು ಶಿಷ್ಯನನ್ನು ಕೇಳುವ ಹಾಗೆ. ವಿಚಾರಣೆಗೆ ಬಂದ ಅಧಿಕಾರಿ ವರಾಂಡದಲ್ಲೇ ಕೂತು ಬರೆದುಕೊಂಡ, ಚಾಲಕ ನೀರು ತುಂಬಿಸದೆ ಇಳಿಸಿದ್ದು ಹೌದೇ, ಹೌದು. ಭಾನುವಾರ ಕುಡಿಯುತ್ತಿದ್ದದ್ದು ಹೌದೇ, ಹೌದು. ಎರಡೂ ನಿಜ ರೋಹಿತ, ನಾನು ಎರಡೂ ನಿಜವನ್ನೇ ಹೇಳಿದೆ. ಒಲೆಯೊಳಗೆ ಯಾರೂ ತಲೆ ಹಾಕಲಿಲ್ಲ. ಮುಂದಿನ ತಿಂಗಳು ನನ್ನನ್ನು ಗಿರಣಿಯ ಬಾಯ್ಲರಿಗೆ ಹಾಕಿದರು.

ಅವನು ಕತ್ತು ವಾಲಿಸಿಕೊಂಡೇ ಇದ್ದ, ಬೈಯುತ್ತಾನೆ, ಈಗ ಬೈಯುತ್ತಾನೆ, ಎದ್ದು ಹೋಗುತ್ತಾನೆ, ಅಪ್ಪನಿಗೆ ಫೋನು ಮಾಡುತ್ತಾನೆ, ಎಂಥದಾದರೂ ಸರಿ. ಒಳಗೆ ಉಂಟು, ಎಂದೆ, ಹಿತ್ತಾಳೆ ಇನ್ನೂ ಒಳಗೇ ಉಂಟು, ನೋಡು ಬೇಕಾದರೆ. ಅವನು ಎದ್ದು ಫೋನಿನ ದೀಪ ಹಾಕಿ ಬಾಗಿಲ ಸಂದಿಗೆ ಕಣ್ಣಿಟ್ಟ, ಬಗ್ಗಿದ, ಮೊಣಕಾಲೂರಿದ, ಕೆಂಪು ಬಲ್ಬ್ ಅಷ್ಟೇ ಕಾಣ್ತಿದೆ ಅಜ್ಜ, ಎಂದ. ಅಷ್ಟರಲ್ಲಿ ಫಿಯೋನಾ ಬಂದಳು, ಕೈಯಲ್ಲಿ ತಟ್ಟೆ, ನನ್ನ ಮುಖ ನೋಡಿ ತಟ್ಟೆ ಕೆಳಗಿಟ್ಟಳು, ಕನ್ನಡ ಅವಳಿಗೆ ಬರುವುದಿಲ್ಲ, ಸೀಸ ಗೊತ್ತಿಲ್ಲ, ತಿಮ್ಮಯ್ಯ ಎಂಬುದೊಂದು ಗೊತ್ತಾಯಿತು, ರೋಹಿತನನ್ನು ಎರಡು ಹೆಜ್ಜೆ ಆಚೆ ಕರೆದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು, ನನ್ನ ಕಿವಿ ಇನ್ನೂ ಹೋಗಿಲ್ಲ, ಹೋದ ವರ್ಷದಿಂದ ಪಪ್ಪಾಗೆ ಎಲ್ಲ ಕಲಸಿಹೋಗುತ್ತದೆ, ಮಮ್ಮಿ ಮಾರ್ಕೆಟ್ಟಿಗೆ ಹೋಗಿದ್ದಾಳೆ ಎನ್ನುತ್ತಾರೆ, ಹೋದ ತಿಂಗಳು ಡಾಕ್ಟರ ಹತ್ತಿರ ತಾನು ಒಬ್ಬನನ್ನು ಕೊಂದಿದ್ದೇನೆ ಎಂದರು, ಇವತ್ತು ಕರೆತರಲೇಬಾರದಿತ್ತು, ಏನಾದರೂ ಹೇಳಿದ್ದರೆ ಸಾರಿ. ಹೇಳಿದ್ದೆನೇ, ಡಾಕ್ಟರಿಗೆ ಹೇಳಿದ್ದೆನೇ, ಹಾಗಾದರೆ ಒಮ್ಮೆ ಹೇಳಿದ್ದೇನೆ, ನೆನಪೇ ಇಲ್ಲ. ಮೋಲಿ ಮಾರ್ಕೆಟ್ಟಿಗೆ ಹೋಗಿಲ್ಲ, ಮೋಲಿ ಸತ್ತಿದ್ದಾಳೆ, ನನಗೆ ಗೊತ್ತಿದೆ, ಬೆಳಿಗ್ಗೆ ಕೆಲವು ಸಲ ಗೊತ್ತಿರುವುದಿಲ್ಲ ಅಷ್ಟೇ, ಅದು ಬೇರೆ, ಇದು ಬೇರೆ, ಇದನ್ನು ನಾನು ಒಂದು ದಿನವೂ ಮರೆತಿಲ್ಲ. ರೋಹಿತ ತಿರುಗಿ ಬಂದ, ಅವನ ಮುಖ ಬದಲಾಗಿತ್ತು, ಮೆತ್ತಗಾಗಿತ್ತು, ಆ ಮೆತ್ತಗಿನ ಮುಖ ಕಂಡೇ ನನಗೆ ಗೊತ್ತಾಯಿತು, ಆಸ್ಪತ್ರೆಯಲ್ಲಿ ನರ್ಸುಗಳು ನನ್ನನ್ನು ನೋಡುವ ಮುಖ. ಪಕ್ಕದಲ್ಲಿ ಕೂತು ನನ್ನ ಎರಡೂ ಕೈ ಹಿಡಿದ, ಈ ಕೈಗಳನ್ನೇ, ಗೊತ್ತಾಯ್ತು ಅಜ್ಜ, ಎಂದ, ನಮ್ಮ ತಾತನ ಹೆಸರು ಒಳ್ಳೇದಾಗಲಿ ಅಂತ ನಿಮ್ಮ ಮೇಲೆ ಹಾಕ್ಕೊಳ್ತಿದ್ದೀರ, ಫ್ರೆಂಡ್ ಅಂದ್ರೆ ಹೀಗಿರಬೇಕು, ನಮ್ಮಜ್ಜಿ ಇದ್ದಿದ್ರೆ ನಿಮ್ಮ ಕಾಲಿಗೆ ಬೀಳೋರು. ಅಲ್ಲ, ಎಂದೆ. ಅಲ್ಲ ರೋಹಿತ. ಹಾಕಿದೆ ಎಂದೆ ನಾನು, ಹಾಕಿರಲಿಲ್ಲ. ಆಯ್ತು ಅಜ್ಜ, ಆಯ್ತು, ನೀವು ಮನಸ್ಸಿಗೆ ಹಚ್ಕೋಬೇಡಿ, ಒಂದು ಫೋಟೋ ತಗೊಳ್ಳೋಣ, ಅಪ್ಪನಿಗೆ ಕಳಿಸ್ತೀನಿ. ನನ್ನ ಹೆಗಲ ಮೇಲೆ ಕೈ ಹಾಕಿದ, ಹಿಂದೆ ಲಾರಿ, ಹೊಗೆಯ ಯಂತ್ರ ಅದೇ ಹೊತ್ತಿಗೆ ಬಿಳಿ ಹೊಗೆ ಬಿಟ್ಟಿತು, ಮಕ್ಕಳು ಕಿರುಚಿದರು, ಫೋಟೋ ಚೆನ್ನಾಗಿ ಬಂತು ಎಂದ.

ಸೀಟ್‌ಬೆಲ್ಟು, ಮತ್ತೆ ಹೆದ್ದಾರಿ, ಫಿಯೋನಾ ಅಳುತ್ತಿದ್ದಾಳೆಯೇ ಇಲ್ಲ ಬಿಸಿಲಿಗೆ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆಯೇ, ಒಳ್ಳೆಯ ಹುಡುಗ ಅಲ್ಲಾ ಪಪ್ಪಾ ಎನ್ನುತ್ತಾಳೆ, ಪುನಃ ಬರುತ್ತಾನಂತೆ, ಭಾನುವಾರ ಊಟಕ್ಕೆ, ಕರೆದಿದ್ದೇನೆ. ಬರಲಿ. ಬಂದರೆ ಮತ್ತೆ ಹೇಳಬಹುದು, ಮತ್ತೆ ಹೇಳಿದರೆ ಮತ್ತೆ ಕೈ ಹಿಡಿಯುತ್ತಾನೆ, ಕಾಗದದಲ್ಲಿ ಬರೆದರೆ, ಕಾಗದವನ್ನು ಫಿಯೋನಾ ಡಾಕ್ಟರಿಗೆ ತೋರಿಸುತ್ತಾಳೆ, ವೆಲ್ಡಿಂಗ್ ಒಡೆಸಿದರೆ, ಯಾರು ಒಡೆಯುತ್ತಾರೆ, ಯಾಕೆ ಒಡೆಯುತ್ತಾರೆ, ತಿಮ್ಮಯ್ಯನ ಮಗನ ಫೋನಿನಲ್ಲಿ ಈಗ ನನ್ನ ಮುಖ ಇದೆ, ಅಪ್ಪನ ಸ್ನೇಹಿತ, ಒಳ್ಳೆಯವನು ಎಂದು ನೋಡುತ್ತಿರುತ್ತಾನೆ, ಇಷ್ಟು ವರ್ಷ ನಾನು ಸುಮ್ಮನಿದ್ದುದರಿಂದ ಅವನು ಕುಡುಕನ ಮಗನಾಗಿದ್ದ, ಇವತ್ತು ನಾನು ಹೇಳಿದ ಮೇಲೂ ಅವನು ಕುಡುಕನ ಮಗನೇ, ಜೊತೆಗೆ ನಾನು ದೊಡ್ಡ ಮನುಷ್ಯ. ಸಾಕಮ್ಮ ಕಾಲಿಗೆ ಬೀಳುತ್ತಿದ್ದಳಂತೆ. ಬೇಳೆ ಒಂದು ಗಂಟೆ ಬೇಯುತ್ತದೆ. ಆ ಬಾಗಿಲ ಹಿಂದೆ, ಬೂದಿಯೂ ಇಲ್ಲ ಈಗ, ಗುಡಿಸಿ ತೊಳೆದಿರಬೇಕು, ಹರಿದ ತಗಡು, ತಗಡಿನ ಅಂಚು ಕೆಳಕ್ಕೆ ಮಡಚಿದೆ, ಅದರ ಪಕ್ಕದಲ್ಲಿ, ಒಂದು ಗೇಣು ಪಕ್ಕದಲ್ಲಿ, ಅಲುಗದೆ, ಒಂದು ಎಳೆಯೂ ಕರಗದೆ, ತಲೆಯ ಮೇಲೆ ನನ್ನ ಅರದ ಗೀರುಗಳು, ಸಮ, ಒಂದರ ಪಕ್ಕ ಒಂದು, ಕೆಂಪು ಬೆಳಕಿನಲ್ಲಿ, ಹಗಲೂ ರಾತ್ರಿಯೂ, ಆ ಬಲ್ಬನ್ನು ಅವರು ಆರಿಸುವುದಿಲ್ಲವಂತೆ, ಹಿತ್ತಾಳೆ, ಹೆಬ್ಬೆರಳಷ್ಟು, ಹಿತ್ತಾಳೆ, ಹಳದಿ, ಗಟ್ಟಿ, ಹಿತ್ತಾಳೆ —